ನಿಮಿಯ ಎಲೆಕ್ಟ್ರಿಷಿಯನ್ ಥಿಯರಿ ಪುಸ್ತಕ: ಕೆಲಸ ಬಂದರೂ ಪರೀಕ್ಷೆಯಲ್ಲಿ ತಡವರಿಸುವವರಿಗೆ

ಫ್ಯಾನಿನ ಕಂಡೆನ್ಸರನ್ನು ಐದೇ ನಿಮಿಷದಲ್ಲಿ ಬದಲಿಸುವ ಐಟಿಐ ಹುಡುಗ, ಕಂಪ್ಯೂಟರ್ ಪರೀಕ್ಷೆಯಲ್ಲಿ ‘ಕೆಪಾಸಿಟರ್ ಯಾವ ವೈಂಡಿಂಗಿಗೆ (ತಂತಿ ಸುರುಳಿಗೆ) ಸೀರೀಸ್‌ನಲ್ಲಿರುತ್ತದೆ (ಒಂದೇ ಸರಣಿಯಲ್ಲಿ ಸೇರಿರುತ್ತದೆ)?’ ಅಂದರೆ ತಪ್ಪು ಉತ್ತರ ಒತ್ತಿಬಿಡುತ್ತಾನೆ. ಅವನ ಕೈಗೆ ಗೊತ್ತಿರುವ ಕಂಡೆನ್ಸರಿಗೆ ಪುಸ್ತಕದಲ್ಲಿ ಕೆಪಾಸಿಟರ್ ಎಂಬ ಬೇರೆ ಹೆಸರು. ಐಟಿಐಗಳಿಗೆ ಪಠ್ಯಪುಸ್ತಕ ತಯಾರಿಸುವ ಚೆನ್ನೈನ ನಿಮಿ ಸಂಸ್ಥೆಯ ಟ್ರೇಡ್ ಥಿಯರಿ ಪುಸ್ತಕ ಈ ಅಂತರ ತುಂಬಬಲ್ಲದು, ಆದರೆ ಅದನ್ನು ಓದುವ ಕ್ರಮ ಬೇರೆ. ಇಲ್ಲಿ ಹೇಳುತ್ತಿರುವುದು ಇಂಗ್ಲಿಷ್ ಆವೃತ್ತಿಯ ಬಗ್ಗೆ. ಕೇಂದ್ರ ಸರ್ಕಾರದ ಭಾರತ್ ಸ್ಕಿಲ್ಸ್ ಜಾಲತಾಣದಲ್ಲಿ ಇದರ ಪಿಡಿಎಫ್ ಉಚಿತ.

ಥಿಯರಿಗೂ ಪ್ರಾಕ್ಟಿಕಲ್‌ಗೂ ಬೇರೆ ಬೇರೆ ಪುಸ್ತಕಗಳಿವೆ. ಥಿಯರಿಯ ಪ್ರತಿ ಪಾಠದ ತಲೆಯಲ್ಲಿ ಅದು ಪ್ರಾಕ್ಟಿಕಲ್ ಪುಸ್ತಕದ ಯಾವ ಎಕ್ಸರ್‌ಸೈಜಿಗೆ ಸೇರಿದ್ದು ಎಂಬ ಸಂಖ್ಯೆ ಇರುತ್ತದೆ. ಈ ಪುಸ್ತಕದಲ್ಲಿ ಎಲ್ಲಕ್ಕಿಂತ ಉಪಯುಕ್ತವಾದದ್ದು ಅದೇ, ಹೆಚ್ಚಿನವರು ಗಮನಿಸದೆ ಬಿಡುವುದೂ ಅದನ್ನೇ. ಮೊದಲ ಪುಟದಿಂದ ಓದುತ್ತಾ ಹೋದರೆ ಮೂರನೇ ದಿನಕ್ಕೆ ಬೇಸರ ಬರುತ್ತದೆ. ಅದರ ಬದಲು ಎಕ್ಸರ್‌ಸೈಜ್ ಮಾಡಿದ ದಿನವೇ ಅದೇ ಸಂಖ್ಯೆಯ ಪಾಠ ತೆರೆಯಬೇಕು.

ಸೀಲಿಂಗ್ ಫ್ಯಾನನ್ನೇ ತೆಗೆದುಕೊಳ್ಳಿ. ಸಪ್ಲೈ ಬಿಡಿಸಿ, ಕಂಡೆನ್ಸರ್ ಡಿಸ್‌ಚಾರ್ಜ್ ಮಾಡಿ ಕಳಚಿ, ಮಲ್ಟಿಮೀಟರನ್ನು ಓಮ್ಸ್‌ಗಿಟ್ಟು ಮೂರು ವೈರುಗಳನ್ನು ಎರಡೆರಡಾಗಿ ಅಳೆಯಿರಿ. ಅತಿ ಹೆಚ್ಚು ರೀಡಿಂಗ್ ಬರುವ ಜೋಡಿಯನ್ನು ಬಿಟ್ಟು ಉಳಿದ ವೈರೇ ಕಾಮನ್, ಅಂದರೆ ಎರಡೂ ವೈಂಡಿಂಗ್ ಸೇರುವ ತುದಿ. ಕಾಮನ್‌ನಿಂದ ಸಾಮಾನ್ಯವಾಗಿ ಕಡಿಮೆ ಓಮ್ಸ್ ತೋರಿಸುವುದು ರನ್ನಿಂಗ್, ಹೆಚ್ಚು ತೋರಿಸುವುದು ಸ್ಟಾರ್ಟಿಂಗ್. ಕಂಡೆನ್ಸರ್ ಈ ಎರಡರ ನಡುವೆ ಕೂರುತ್ತದೆ, ಅಂದರೆ ಸ್ಟಾರ್ಟಿಂಗ್ ವೈಂಡಿಂಗಿಗೆ ಸೀರೀಸ್. ರನ್ನಿಂಗ್, ಸ್ಟಾರ್ಟಿಂಗ್ ಅದಲುಬದಲಾದರೆ ಫ್ಯಾನ್ ಉಲ್ಟಾ ತಿರುಗುತ್ತದೆ. ರೀಡಿಂಗನ್ನು ಪಾಠದ ಅಂಚಿನಲ್ಲೇ ಬರೆದಿಟ್ಟರೆ ಆ ಪ್ರಶ್ನೆ ಮುಂದೆ ಎಷ್ಟು ತಿರುಚಿ ಬಂದರೂ ತಪ್ಪದು. ಬೋರ್‌ವೆಲ್ ಪ್ಯಾನೆಲ್‌ನ ಸ್ಟಾರ್-ಡೆಲ್ಟಾ (ಮೋಟಾರನ್ನು ಸ್ಟಾರ್ ಜೋಡಣೆಯಲ್ಲಿ ಶುರುಮಾಡಿ, ವೇಗ ಬಂದ ಮೇಲೆ ಡೆಲ್ಟಾಗೆ ಬದಲಿಸುವ ಸ್ಟಾರ್ಟರ್) ಪಾಠವೂ ಹಾಗೆಯೇ: 415 ವೋಲ್ಟ್ ಲೈನಿನಲ್ಲಿ ಸ್ಟಾರ್ ಇದ್ದಾಗ ಒಂದೊಂದು ವೈಂಡಿಂಗಿಗೆ ಸಿಗುವುದು ಸುಮಾರು 240 ವೋಲ್ಟ್, ಲೈನ್ ಕರೆಂಟ್ ಮತ್ತು ಟಾರ್ಕ್ ಡೆಲ್ಟಾದ ಮೂರನೇ ಒಂದು ಪಾಲು. ವೋಲ್ಟೇಜನ್ನು √3ರಿಂದ, ಕರೆಂಟನ್ನು 3ರಿಂದ ಭಾಗಿಸಬೇಕು. ಪರೀಕ್ಷೆಯಲ್ಲಿ ಮಕ್ಕಳು ಅದಲುಬದಲು ಮಾಡುವುದು ಇದನ್ನೇ.

ಇನ್ನು ಕೊರತೆ. ವಾಕ್ಯಗಳು ಉದ್ದ, ಭಾಷೆ ಬಿಗಿ. ಕನ್ನಡ ಮಾಧ್ಯಮದಿಂದ ಎಸ್‌ಎಸ್‌ಎಲ್‌ಸಿ ದಾಟಿ ಬಂದ ಮಗುವಿಗೆ ಮೊದಲ ತಿಂಗಳು ಇದು ನಿಜಕ್ಕೂ ಭಾರ. ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಹಾಕಿ, ಒಂದರಲ್ಲಿ ಅಂಗಡಿಯ ಮಾತು, ಇನ್ನೊಂದರಲ್ಲಿ ಪುಸ್ತಕದ ಮಾತು ಬರೆಸಿ. ದಿನಕ್ಕೆ ಐದು ಪದ ಸಾಕು.

ಅದೇ ಜಾಲತಾಣದ ಪ್ರಶ್ನೆ ಬ್ಯಾಂಕ್ ಒಳ್ಳೆಯದು, ಆದರೆ ಉತ್ತರದ ಅಕ್ಷರ ಬಾಯಿಪಾಠ ಮಾಡಿದವರು ಆಯ್ಕೆಗಳ ಕ್ರಮ ಬದಲಾದ ಕೂಡಲೇ ಮುಗ್ಗರಿಸುತ್ತಾರೆ. ಉತ್ತರದ ಕಾಲಂ ಮುಚ್ಚಿ, ಪ್ರಶ್ನೆ ಓದಿ, ಆಯ್ಕೆ ನೋಡುವ ಮೊದಲೇ ಉತ್ತರ ಹೇಳಿಸಬೇಕು. ಐಟಿಐಯ ಕಂಪ್ಯೂಟರ್ ಪರೀಕ್ಷೆಯಲ್ಲಿ 75 ಪ್ರಶ್ನೆ, 150 ಅಂಕ, 2 ಗಂಟೆ. ನೆಗೆಟಿವ್ ಅಂಕ ಇಲ್ಲವಾದ್ದರಿಂದ ಒಂದನ್ನೂ ಖಾಲಿ ಬಿಡಬಾರದು. ಥಿಯರಿಯಲ್ಲಿ ಪಾಸಾಗಲು ಶೇ. 33 ಸಾಕು, ಪ್ರಾಕ್ಟಿಕಲ್‌ಗೆ ಶೇ. 60 ಬೇಕು.

ಪಿಡಿಎಫ್ ಅನ್ನು ಮೊಬೈಲಿನಲ್ಲಿ ಓದಿದರೆ ಸರ್ಕ್ಯೂಟ್ ಚಿತ್ರದ ಟರ್ಮಿನಲ್ ಅಕ್ಷರಗಳು ಕಾಣುವುದಿಲ್ಲ. ಮೋಟಾರ್, ಸ್ಟಾರ್ಟರ್, ವೈರಿಂಗ್ ಪಾಠಗಳನ್ನಾದರೂ ಪ್ರಿಂಟ್ ಹಾಕಿಸಿ.