ಅಂಗ್ಕೋರ್‌ಗೆ ಹೊರಟ ಜೋಡಿಗಳೇ, "ಎಲ್ಲಾ ಸೇರಿ" ಅಂದದ್ದರಲ್ಲಿ ಪಾಸ್ ಐತೇನು ಕೇಳ್ರಿ

ಕಾಂಬೋಡಿಯಾದ ಅಂಗ್ಕೋರ್ ವಾಟ್ ನೋಡಲು ಹೋದ ಬಾಗಲಕೋಟೆಯ ಗಂಡ-ಹೆಂಡತಿಗೆ ಆದದ್ದು ಇದು. "ಸನ್‌ರೈಸ್ ಟೂರ್, ಎಲ್ಲಾ ಸೇರೇ ಐತ್ರಿ ಸರ" ಎಂದು ಮಧ್ಯವರ್ತಿಯೊಬ್ಬ ವಾಟ್ಸಾಪ್‌ನಲ್ಲೇ ಮಾತು ಮುಗಿಸಿ ದುಡ್ಡು ಹಾಕಿಸಿಕೊಂಡಿದ್ದ. ಬೆಳಗಿನ ಜಾವ ಟುಕ್‌ಟುಕ್ ಲಾಡ್ಜಿನ ಮುಂದೆ ಬಂತು, ನೇರ ಗುಡಿಯ ದಾರಿ ಹಿಡಿಯಿತು. ತಪಾಸಣೆ ಮಾಡುವಲ್ಲಿ ಪಾಸ್ ತೋರಿಸಿ ಎಂದರು. ಪಾಸ್ ಇರಲಿಲ್ಲ, ಅಲ್ಲಿ ಮಾರುವುದೂ ಇಲ್ಲ. ಹೊರಳಿ ಟಿಕೆಟ್ ಕಚೇರಿಗೆ ಹೋಗಿ, ಸಾಲಿನಲ್ಲಿ ನಿಂತು, ಮೇಲೆ 74 ಡಾಲರ್ ಕೊಟ್ಟು ಬರುವಷ್ಟರಲ್ಲಿ ಹೊತ್ತು ಏರಿತ್ತು. ಮುಂದಿನದೂ ಹಾಗೇ. ಮೇಲಿನ ಅಂತಸ್ತಿಗೆ ಹೆಂಡತಿಯನ್ನು ಬಿಡಲಿಲ್ಲ, ನೋಟು ನಡೆಯಲಿಲ್ಲ, ಮಧ್ಯಾಹ್ನ ಗಂಡನಿಗೆ ತಲೆ ತಿರುಗಿ ಇಬ್ಬರೂ ರೂಮಿಗೆ ವಾಪಸ್.

ನಮ್ಮ ಕಡೆಯವರು ಇಲ್ಲಿ ಎಡವಲು ಕಾರಣ ಇದೆ. ಪಟ್ಟದಕಲ್ಲು, ಐಹೊಳೆ, ಬಾದಾಮಿಯಲ್ಲಿ ಗೇಟಿನ ಹತ್ತಿರವೇ ಟಿಕೆಟ್ ಸಿಗುತ್ತದೆ. ಅಂಗ್ಕೋರ್‌ನಲ್ಲಿ ಹಾಗಲ್ಲ. ಅಂಗ್ಕೋರ್ ವಾಟ್ ಸೇರಿ ಹತ್ತಾರು ಗುಡಿಗಳಿರುವ ನೂರಾರು ಚದರ ಕಿಲೋಮೀಟರಿನ ಆವರಣಕ್ಕೆಲ್ಲ ಒಂದೇ ಪಾಸ್, ಅದನ್ನು ಕೊಡುವ ಸರಕಾರಿ ಕಚೇರಿ ಸಿಯಾಮ್ ರೀಪ್ ಊರಿನ ಅಂಚಿನಲ್ಲಿ, ಗುಡಿಗಳಿಂದ ದೂರ ಇದೆ. ಬೆಳಿಗ್ಗೆ 5ಕ್ಕೆ ತೆರೆದು ಸಂಜೆ 5:30ಕ್ಕೆ ಮುಚ್ಚುತ್ತದೆ. ಒಂದು ದಿನದ ಪಾಸ್ ತಲೆಗೆ 37 ಡಾಲರ್, ಮೂರು ದಿನದ್ದು 62, ಏಳು ದಿನದ್ದು 72. 2017ರಲ್ಲಿ ಏರಿಸಿದ ದರ ಇದು. 12 ವರ್ಷದೊಳಗಿನ ಮಕ್ಕಳಿಗೆ ಪಾಸ್ ಬೇಡ, ವಯಸ್ಸು ತೋರಿಸಲು ಪಾಸ್‌ಪೋರ್ಟ್ ಬೇಕು.

ಪಾಸಿನ ಮೇಲೆ ನಿಮ್ಮ ಫೋಟೋ ಅಚ್ಚಾಗಿರುತ್ತದೆ. ಕಚೇರಿಯಲ್ಲಾದರೆ ಅಲ್ಲೇ ತೆಗೆಯುತ್ತಾರೆ, ಸರಕಾರಿ ಜಾಲತಾಣದಲ್ಲಾದರೆ ನೀವು ಹಾಕಬೇಕು. ಹಾಗಾಗಿ ನಿಮ್ಮ ಫೋಟೋವನ್ನೇ ಕೇಳದೆ "ಪಾಸ್ ತೆಗೆದಿಟ್ಟೀವ್ರಿ" ಎನ್ನುವವನ ಮಾತು ಸುಳ್ಳು. ಬೇರೆಯವರು ಬಳಸಿ ಉಳಿದ ದಿನಗಳ ಪಾಸ್ ಅಗ್ಗಕ್ಕೆ ಕೊಡುತ್ತೇನೆ ಎಂದರೂ ತಗೋಬೇಡಿ. ಒಂದೊಂದು ದೊಡ್ಡ ಗುಡಿಯ ಬಾಗಿಲಲ್ಲೂ ಮುಖ ನೋಡಿಯೇ ಒಳಗೆ ಬಿಡುವುದು.

ಸಂಜೆ 5ರ ನಂತರ ಕೊಂಡ ಪಾಸ್ ಮರುದಿನದ ಲೆಕ್ಕಕ್ಕೆ ಬೀಳುತ್ತದೆ, ಅವತ್ತಿನ ಸಂಜೆಯ ಪ್ರವೇಶ ಪುಕ್ಕಟೆ. ಆದರೆ ಆ ಪುಕ್ಕಟೆ ಸಂಜೆಗೆ ಸೂರ್ಯಾಸ್ತ ತೋರಿಸಲು ಪ್ನೋಮ್ ಬಾಖೆಂಗ್ ಗುಡ್ಡ ಹತ್ತಿಸುತ್ತೇನೆ ಎಂದರೆ ಒಪ್ಪಬೇಡಿ. ಮೇಲೆ ಒಂದು ಸಲಕ್ಕೆ 300 ಜನಕ್ಕಷ್ಟೇ ಜಾಗ, 5ಕ್ಕೆ ಪಾಸ್ ತೆಗೆದು ಹೊರಟವರು ಸಾಲಿನ ಬಾಲದಲ್ಲೇ ಕತ್ತಲು ನೋಡುತ್ತಾರೆ. ಅಂಗ್ಕೋರ್ ವಾಟ್ ಸುತ್ತಲಿನ ಕಂದಕದ ದಂಡೆಯಲ್ಲಿ ಕೂತು ಬನ್ನಿ, ಸಾಕು.

ನಿಜ ಹೇಳಬೇಕೆಂದರೆ ಒಂದೇ ದಿನ ಇರುವವರಿಗೆ ಸೂರ್ಯೋದಯದ ಹುಚ್ಚೇ ಬೇಡ. ಅಂಗ್ಕೋರ್ ವಾಟ್ ಪಶ್ಚಿಮಕ್ಕೆ ಮುಖ ಮಾಡಿದ ಗುಡಿ. ಸೂರ್ಯ ಹಿಂದಿನಿಂದ ಏಳುವುದರಿಂದ ಬೆಳಿಗ್ಗೆ ಗೋಪುರಗಳು ಕರ್ರಗೆ ಕಾಣುತ್ತವೆ. ಮೋಡ ಇದ್ದರೆ ಅದೂ ಇಲ್ಲ. ಕಲ್ಲಿನ ಕೆತ್ತನೆಗೆ ಬೆಳಕು ಬೀಳುವುದು ಮಧ್ಯಾಹ್ನದ ಮೇಲೆ. ಬೆಳಿಗ್ಗೆ 7:30ಕ್ಕೆ ಬಾಗಿಲು ತೆರೆಯುವ ಹೊತ್ತಿಗೇ ತಾ ಪ್ರೋಮ್‌ಗೆ ಹೋಗಿ. ಬೇರು ಹಬ್ಬಿದ ಈ ಗುಡಿಯ ಜೀರ್ಣೋದ್ಧಾರದಲ್ಲಿ ನಮ್ಮ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಕೈಯೂ ಇದೆ. ಆಮೇಲೆ ಮುಖಗಳ ಗುಡಿ ಬಾಯೋನ್. 11:30ರಿಂದ 2ರವರೆಗೆ ನೆರಳು, ಊಟ. 2ರ ಮೇಲೆ ಅಂಗ್ಕೋರ್ ವಾಟ್. ಅಲ್ಲಿ ಪಶ್ಚಿಮದ ಮೊಗಸಾಲೆಯಲ್ಲಿ ಕುರುಕ್ಷೇತ್ರ ಮತ್ತು ಲಂಕೆಯ ಯುದ್ಧ, ಪೂರ್ವದಲ್ಲಿ ಸಮುದ್ರಮಥನ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯ ಕಂಬಗಳನ್ನು ನಿಂತು ನೋಡಿದವರಿಗೆ ಇವನ್ನು ಓದಲು ಗೈಡ್ ಬೇಕಿಲ್ಲ. ಈ ಸುತ್ತು ಸುಮಾರು 17 ಕಿ.ಮೀ., ಒಂದು ದಿನಕ್ಕೆ ಸರಿ. ಇದರ ಜೊತೆ ದೂರದ ಬಂತೇಯ್ ಸ್ರೇ ಗುಡಿಯನ್ನೂ ಸೇರಿಸುವ ಪ್ಯಾಕೇಜ್ ಅಂದರೆ ಬರೀ ಗಾಡಿಯಲ್ಲಿ ಕೂರುವುದು.

ಬಟ್ಟೆಯ ವಿಷಯ. ಭುಜ, ಮೊಣಕಾಲು ಮುಚ್ಚಿರಬೇಕು, ಗಂಡಸರಿಗೂ ಇದೇ ನಿಯಮ. ಆ ಹೆಂಡತಿ ತೋಳಿಲ್ಲದ ಕುರ್ತಾದ ಮೇಲೆ ದುಪಟ್ಟಾ ಹೊದ್ದಿದ್ದರು. ಮೇಲಿನ ಅಂತಸ್ತಾದ ಬಕಾನ್‌ನಲ್ಲಿ ಅದು ನಡೆಯುವುದಿಲ್ಲ, ಹೊದ್ದ ಬಟ್ಟೆ ಜಾರುತ್ತದೆ ಎಂದು ತೋಳಿರುವ ಅಂಗಿಯನ್ನೇ ಕೇಳುತ್ತಾರೆ. ಸೀರೆ, ಚೂಡಿದಾರ ಆರಾಮ. ಬಕಾನ್‌ಗೆ ಒಂದು ಸಲಕ್ಕೆ 100 ಜನ, 12ರ ಕೆಳಗಿನ ಮಕ್ಕಳಿಗೆ ಪ್ರವೇಶವಿಲ್ಲ, ಏಣಿಯಂಥ ಕಡಿದಾದ ಮೆಟ್ಟಿಲು. ಬೌದ್ಧರ ಪವಿತ್ರ ದಿನಗಳಂದು ಅದು ಮುಚ್ಚಿರುತ್ತದೆ. ಆ ದಿನಗಳು ನಮ್ಮ ಅಮಾವಾಸ್ಯೆ, ಹುಣ್ಣಿಮೆ, ಎರಡೂ ಪಕ್ಷದ ಅಷ್ಟಮಿಯ ಆಸುಪಾಸಿನಲ್ಲೇ ಬರುತ್ತವೆ. ಮನೆ ಗೋಡೆಯ ಕ್ಯಾಲೆಂಡರ್ ನೋಡಿ, ಹಿಂದೊಂದು ಮುಂದೊಂದು ದಿನ ಬಿಟ್ಟು ಟಿಕೆಟ್ ಮಾಡಿಸಿ.

ಗುಡಿಯೊಳಗಿನ ಕತ್ತಲ ಮೂಲೆಯಲ್ಲಿ, ಬುದ್ಧನ ಮೂರ್ತಿಯ ಪಕ್ಕ ಕೂತ ಅಜ್ಜಿ ನಗುತ್ತಾ ಹಚ್ಚಿದ ಊದಿನಕಡ್ಡಿ ಕೈಗಿಡುತ್ತಾಳೆ. ಕೈ ಮುಗಿಯುವಷ್ಟರಲ್ಲಿ ಮಣಿಕಟ್ಟಿಗೆ ಕೆಂಪು ದಾರ ಬಿದ್ದಿರುತ್ತದೆ. ತಟ್ಟೆಯಲ್ಲಿ ಮೊದಲೇ 10, 20 ಡಾಲರಿನ ನೋಟು ಹರವಿರುತ್ತದೆ, ಒಂದು ಡಾಲರ್ ಇಟ್ಟರೆ ಆ ನೋಟುಗಳ ಕಡೆ ಬೊಟ್ಟು ಮಾಡುತ್ತಾರೆ. ಕಡ್ಡಿ ಹಿಡಿಯದೆ ದೂರದಿಂದಲೇ ಕೈ ಮುಗಿದು ಮುಂದೆ ನಡೆಯಿರಿ. ಹಿಡಿದುಬಿಟ್ಟಿದ್ದರೆ ಒಂದೆರಡು ಸಾವಿರ ರಿಯೆಲ್ ಇಟ್ಟು ಹೊರಡಿ, ಜಗಳ ಬೇಡ.

ರಿಯೆಲ್ ಅಂದರೆ ಅಲ್ಲಿನ ದುಡ್ಡು, ಡಾಲರಿಗೆ ಸುಮಾರು 4,000. ವ್ಯವಹಾರ ಡಾಲರಿನಲ್ಲೇ ನಡೆಯುತ್ತದೆ, ಚಿಲ್ಲರೆ ಮಾತ್ರ ರಿಯೆಲ್. ಅಂಗಡಿಯಾಕೆ ನೋಟನ್ನು ಬೆಳಕಿಗೆ ಹಿಡಿದು, ಅಂಚನ್ನು ಹೆಬ್ಬೆರಳಿನಿಂದ ಸವರಿ ನೋಡುತ್ತಾಳೆ. ಕೂದಲೆಳೆಯಷ್ಟು ಹರಿದಿದ್ದರೂ, ಪೆನ್ನಿನ ಗೀಟು ಇದ್ದರೂ ವಾಪಸ್. ಹರಿದದ್ದನ್ನು ಬ್ಯಾಂಕು ಬದಲಿಸಿಕೊಡುವಾಗ ಕಡಿತ ಮಾಡುತ್ತದೆ, ಅದಕ್ಕೇ ಯಾರಿಗೂ ಬೇಡ. ಊರಲ್ಲಿ ಡಾಲರ್ ಕೊಳ್ಳುವಾಗಲೇ ಒಂದೊಂದೂ ಬಿಡಿಸಿ ನೋಡಿ, 1 ಮತ್ತು 5ರ ನೋಟು ಜಾಸ್ತಿ ಕೇಳಿ. ಅವರು ವಾಪಸ್ ಕೊಟ್ಟ ದುಡ್ಡಿನಲ್ಲಿ ಹರಿದ ಡಾಲರ್ ಬಂದರೆ ನೀವೂ ತಿರುಗಿಸಿ ಕೊಡಿ.

ಬಿಸಿಲಿಗೆ ನಾವು ಹೆದರುವವರಲ್ಲ, ಅದೇ ತೊಂದರೆ. ಬಾಗಲಕೋಟೆಯ 40 ಡಿಗ್ರಿ ಒಣ ಬಿಸಿಲು, ಬೆವರು ಆರಿ ಮೈ ತಣಿಯುತ್ತದೆ. ಅಲ್ಲಿ 35 ಇದ್ದರೂ ಗಾಳಿಯಲ್ಲಿ ನೀರಿನ ಪಸೆ ಹೆಚ್ಚು, ಬೆವರು ಆರುವುದೇ ಇಲ್ಲ, ಗೊತ್ತಾಗದಂತೆ ಮೈ ಕಾಯುತ್ತದೆ. ತಲೆಗೆ ಎರಡು ಲೀಟರ್ ನೀರು, ಓಆರ್‌ಎಸ್ ಪೊಟ್ಟಣ ಇರಲಿ. ಸಸ್ಯಾಹಾರಿಗಳು "ಮೀನಿನ ಸಾಸ್ ಬೇಡ" ಎಂದು ಬಿಡಿಸಿ ಹೇಳಬೇಕು, ಬರೀ ತರಕಾರಿ ಅನ್ನಕ್ಕೂ ಹಾಕುತ್ತಾರೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಒಯ್ದರೆ ಮಧ್ಯಾಹ್ನದ ಚಿಂತೆ ಇಲ್ಲ.

ವಿಮಾನ ನಿಲ್ದಾಣ ಊರಿಗೆ ಹತ್ತಿರ ಎಂಬುದು ಹಳೆಯ ಮಾತು. 2023ರ ಅಕ್ಟೋಬರಿನಿಂದ ಹೊಸ ನಿಲ್ದಾಣ, ಊರು ಮುಟ್ಟಲು ಸುಮಾರು ಒಂದು ತಾಸು ಹಿಡಿಯುತ್ತದೆ. ಅಂಗ್ಕೋರ್ ನೋಡಿ ಅದೇ ಸಂಜೆಯ ವಿಮಾನ ಹಿಡಿಸುವ ಪ್ಯಾಕೇಜಿನಲ್ಲಿ ಈ ತಾಸನ್ನು ಕಳೆದು ನೋಡಿ.

ದುಡ್ಡು ಹಾಕುವ ಮುಂಚೆ ಏಜೆಂಟರಿಗೆ ಈ ಮೆಸೇಜ್ ಕಳಿಸಿ, ಉತ್ತರ ಬರಹದಲ್ಲೇ ತಗೊಳ್ಳಿ: "ಅಂಗ್ಕೋರ್ ಪಾಸ್ ಸೇರಿ ಐತೇನ್ರಿ? ಎಷ್ಟು ದಿನದ್ದು? ನಮ್ಮಿಬ್ಬರ ಫೋಟೋ ಯಾವಾಗ ಕಳಿಸಬೇಕ್ರಿ?"