‘ಮರಕ್ಕೂ ಆಗುತ್ತೆ, ಲೋಹಕ್ಕೂ ಆಗುತ್ತೆ’ ಎನ್ನುವ ಹೋಲ್ ಸಾ ಸೆಟ್ ಪೈಪಿಗೆ ಬೇಡ

ಕಬ್ಬಿಣದ ಪೈಪಿಗೆ ದೊಡ್ಡ ತೂತು ಹೊಡೆಯಬೇಕು, ಇಲ್ಲವೇ ತುದಿಗೆ ನಾಚ್ (ಇನ್ನೊಂದು ಪೈಪಿನ ಮೈಗೆ ಕೂರುವಂಥ ಬಾಗಿದ ಕಚ್ಚು) ಹಾಕಬೇಕು ಅಂತ ಹೋಲ್ ಸಾ, ಅಂದರೆ ಡ್ರಿಲ್ಲಿಗೆ ಸಿಕ್ಕಿಸುವ ಬಟ್ಟಲಿನಾಕಾರದ ಗರಗಸ, ಹುಡುಕುತ್ತಿದ್ದೀರಾ? ಒಂದೇ ಡಬ್ಬಿಯಲ್ಲಿ ಹತ್ತಾರು ಅಳತೆ ತುಂಬಿಸಿ, ‘ಮರ, ಪ್ಲಾಸ್ಟಿಕ್, ಲೋಹ ಎಲ್ಲಕ್ಕೂ’ ಎಂದು ಅಂಟಿಸಿದ ಅಗ್ಗದ ಸೆಟ್ ಮಾತ್ರ ತರಬೇಡಿ. ಅದನ್ನು ನಂಬಿದ ಗೆಳೆಯನ ಮಣಿಕಟ್ಟು ಇನ್ನೂ ಪೂರ್ತಿ ಸರಿಹೋಗಿಲ್ಲ.

ಕೆಲಸ ದೊಡ್ಡದೇನಲ್ಲ. ಒಂದೂವರೆ ಇಂಚಿನ ಎಂ.ಎಸ್. (ಮೈಲ್ಡ್ ಸ್ಟೀಲ್, ಸಾಮಾನ್ಯ ಉಕ್ಕು) ಪೈಪಿನ ಫ್ರೇಮ್. ಅಡ್ಡ ಪೈಪಿನ ತುದಿ ಇನ್ನೊಂದು ಪೈಪಿನ ಮೈಗೆ ಸಂದಿಲ್ಲದೆ ಕೂರಬೇಕು, ಆಮೇಲೆ ವೆಲ್ಡಿಂಗ್. ‘ಕಬ್ಬಿಣದ ಪೈಪಿಗೆ ನಡೆಯುತ್ತಾ?’ ಅಂತ ಮಾರುವವರನ್ನು ಮೊದಲೇ ಕೇಳಿದ್ದೆವು. ‘ಆರಾಮಾಗಿ’ ಅಂದರು, ಒಂದು ವಿಡಿಯೋನೂ ಕಳಿಸಿದರು. ಅದರಲ್ಲಿ ಕೊರೆಯುತ್ತಿದ್ದದ್ದು ಚಪ್ಪಟೆ ತಗಡು. ಎಡವಟ್ಟು ಇರೋದು ಅಲ್ಲೇ.

ತಗಡಿನ ಮೇಲೆ ಹೋಲ್ ಸಾ ಇಳಿದರೆ ಎಲ್ಲ ಹಲ್ಲುಗಳೂ ಒಟ್ಟಿಗೆ ತಾಗುತ್ತವೆ, ಭಾರ ಹಂಚಿಹೋಗುತ್ತದೆ. ಗುಂಡಗಿನ ಪೈಪಿನ ಮೇಲೆ ಹಾಗಲ್ಲ. ಮೊದಲು ತಾಗುವುದು ಪೈಪಿನ ನೆತ್ತಿಯ ಉದ್ದಕ್ಕೆ ಎರಡೇ ಕಡೆ. ಹಲ್ಲು ಗಾಳಿಯಲ್ಲಿ ಸುತ್ತಿ ಬಂದು ಲೋಹಕ್ಕೆ ಗುದ್ದುತ್ತದೆ. ಮತ್ತೆ ಗಾಳಿ, ಮತ್ತೆ ಗುದ್ದು. ಇನ್ನೂ ಕೆಳಗಿಳಿದರೆ ಪೈಪಿನ ಪಕ್ಕೆ ಸಿಗುತ್ತದೆ. ಅಲ್ಲಿ ಗೋಡೆ ಹೆಚ್ಚುಕಡಿಮೆ ನೆಟ್ಟಗೆ ನಿಂತಿರುತ್ತದೆ, ಹಲ್ಲು ಅದನ್ನು ಓರೆಯಾಗಿ ಉಜ್ಜಿಕೊಂಡು ಹೋಗಬೇಕು. ಹೋಲ್ ಸಾ ಪೈಪಿನಷ್ಟೇ ಅಗಲವಿದ್ದರಂತೂ ಇದು ಜಾಸ್ತಿ. ಒಂದು ಹಲ್ಲು ಕಚ್ಚಿಕೊಂಡರೆ ಸಾ ನಿಲ್ಲುತ್ತದೆ, ಮೋಟಾರು ನಿಲ್ಲುವುದಿಲ್ಲ. ಆಗ ತಿರುಗುವುದು ಡ್ರಿಲ್, ಅದರ ಜೊತೆ ಅದನ್ನು ಹಿಡಿದ ಕೈ.

ಆಗಿದ್ದೂ ಅದೇ. ನೆತ್ತಿ ಹೇಗೋ ಕೊರೆಯಿತು. ಪಕ್ಕೆಗೆ ಬಂದದ್ದೇ ತಡ, ಟಕ್ ಎಂದು ಕಚ್ಚಿತು. ಡ್ರಿಲ್ಲಿನ ಹಿಡಿ ಗೆಳೆಯನ ಕೈಯನ್ನು ತಿರುಚಿಕೊಂಡೇ ಪೈಪಿಗೆ ಹೊಡೆಯಿತು. ಬಿಚ್ಚಿ ನೋಡಿದರೆ ಒಂದು ಸಾಲು ಹಲ್ಲೇ ಇಲ್ಲ, ಉಳಿದವು ನೀಲಿ ಬಣ್ಣಕ್ಕೆ ತಿರುಗಿದ್ದವು.

ಆ ನೀಲಿ ಬಣ್ಣವೇ ಎಲ್ಲ ಹೇಳುತ್ತದೆ. ಇಂಥ ಸೆಟ್ಟುಗಳ ಹಲ್ಲು ಸಾಮಾನ್ಯವಾಗಿ ಬರೀ ಕಾರ್ಬನ್ ಸ್ಟೀಲ್. ಸುಮಾರು 200–250 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದರ ಗಡಸುತನ ಹೋಗುತ್ತದೆ. ಮರಕ್ಕೆ ಸಾಕು, ಉಕ್ಕಿಗೆ ಸಾಲದು. ಬೈಮೆಟಲ್ ಹೋಲ್ ಸಾದಲ್ಲಿ ಹಲ್ಲು ಹೈಸ್ಪೀಡ್ ಸ್ಟೀಲ್, ಬೆನ್ನು ಬಾಗಿದರೂ ಮುರಿಯದ ಉಕ್ಕು. ಹೈಸ್ಪೀಡ್ ಸ್ಟೀಲ್ 600 ಡಿಗ್ರಿ ಹತ್ತಿರದವರೆಗೂ ಗಡಸಾಗಿಯೇ ಇರುತ್ತದೆ. ಕೊಳ್ಳುವುದಾದರೆ ಬೇಕಾದ ಒಂದೇ ಅಳತೆಯದ್ದು ಕೊಳ್ಳಿ, ಆದರೆ ಬೈಮೆಟಲ್ ಕೊಳ್ಳಿ. ಕಾರ್ಬೈಡ್ ಹಲ್ಲಿನದು ಇನ್ನೂ ಗಡಸು, ನಿಜ. ಆದರೆ ಕೈಡ್ರಿಲ್ಲಿನಲ್ಲಿ ಇಂಥ ಗುದ್ದು ತಿಂದರೆ ಆ ತುಣುಕುಗಳು ಸಿಡಿದುಹೋಗುತ್ತವೆ. ನನ್ನ ಮಟ್ಟಿಗೆ ಪೈಪಿಗೆ ಅದು ಬೇಡ.

ವೇಗದ ಬಗ್ಗೆ ಡಬ್ಬಿಯ ಮೇಲೆ ಒಂದಕ್ಷರ ಇರಲಿಲ್ಲ. ಎಂ.ಎಸ್.ಗೆ ಬೈಮೆಟಲ್ ಆದರೂ 25 ಮಿ.ಮೀ. ಸಾಗೆ ಸುಮಾರು 350 ಆರ್‌ಪಿಎಂ (ನಿಮಿಷಕ್ಕೆ ಸುತ್ತು), 50 ಮಿ.ಮೀ. ಸಾಗೆ 170 ಆಸುಪಾಸು. ಸ್ಟೇನ್‌ಲೆಸ್ ಸ್ಟೀಲ್ ಆದರೆ ಅದರ ಅರ್ಧ. ಬ್ಯಾಟರಿ ಡ್ರಿಲ್ಲಿನ ಒಂದನೇ ಗೇರ್ ಕೂಡ ಸಾಮಾನ್ಯವಾಗಿ 400–500 ಓಡುತ್ತದೆ, ಟ್ರಿಗರ್ ಪೂರ್ತಿ ಒತ್ತಿದರೆ ದೊಡ್ಡ ಸಾ ಸುಟ್ಟಿತೆಂದೇ ಲೆಕ್ಕ. ಕಟಿಂಗ್ ಆಯಿಲ್ ಧಾರಾಳವಾಗಿ ಹಾಕಿ. ಆದರೆ ಕೊರೆಯದೆ ಸುಮ್ನೆ ಉಜ್ಜುವುದು ಬೇಡ, ಸ್ಟೇನ್‌ಲೆಸ್ ಉಜ್ಜಿದಷ್ಟೂ ಗಟ್ಟಿಯಾಗುತ್ತದೆ.

ಸಾಧ್ಯವಾದರೆ ಈ ಕೆಲಸವನ್ನು ಕೈಡ್ರಿಲ್ಲಿನಲ್ಲಿ ಮಾಡಲೇಬೇಡಿ. ಸ್ಟ್ಯಾಂಡಿನ ಡ್ರಿಲ್ ಮಷಿನ್, ಕೆಳಗೆ ಪೈಪ್ ಉರುಳದಂತೆ ಹಿಡಿಯುವ ವಿ-ಬ್ಲಾಕ್, ಪೈಪಿಗೆ ಬಿಗಿ ಕ್ಲ್ಯಾಂಪ್. ತುಂಬಾ ನಾಚ್ ಹಾಕುವುದಿದ್ದರೆ ಪೈಪ್ ನಾಚರ್ ಅಂತಲೇ ಒಂದು ಜಿಗ್ (ಪೈಪನ್ನೂ ಸಾವನ್ನೂ ಸರಿಯಾಗಿ ಹಿಡಿದಿಡುವ ಚೌಕಟ್ಟು) ಬರುತ್ತದೆ. ಅದರಲ್ಲಿ ಸಾದ ದಂಡವನ್ನೇ ಬೇರಿಂಗ್ ಅಥವಾ ಬುಶ್ ಹಿಡಿದಿರುತ್ತದೆ, ಸಾದ ನಡುವೆ ಮೊದಲು ಕೊರೆದು ದಾರಿ ಹಿಡಿಸುವ ಸಣ್ಣ ಬಿಟ್, ಅಂದರೆ ಪೈಲಟ್ ಡ್ರಿಲ್, ಬೇಕಾಗುವುದಿಲ್ಲ. ಪೈಪಿನ ತುದಿಯಲ್ಲಿ ಪೈಲಟ್ ಕಚ್ಚಲು ಲೋಹವೇ ಇರುವುದಿಲ್ಲ, ಅಲ್ವಾ? ಜಿಗ್ ಇಲ್ಲದವರು ಉದ್ದ ಪೈಪಿನ ನಡುವೆ ಕೊರೆದು ಅದನ್ನು ಎರಡು ಮಾಡುತ್ತಾರೆ. ಎರಡು ತುದಿಗೂ ಒಟ್ಟಿಗೆ ನಾಚ್ ಸಿಗುತ್ತದೆ. ನಾವು ಮಾಡಲು ಹೊರಟಿದ್ದೂ ಅದೇ, ಉಪಾಯ ಒಳ್ಳೆಯದೇ. ಸಾದ ಆಳ ಮಾತ್ರ ನೋಡಿಕೊಳ್ಳಿ. ಸಾಮಾನ್ಯ ಬೈಮೆಟಲ್ ಸಾದ ಆಳ 38 ಮಿ.ಮೀ. ಆಸುಪಾಸು, ದಪ್ಪ ಪೈಪನ್ನು ಒಂದೇ ಏಟಿಗೆ ದಾಟುವುದಿಲ್ಲ.

ಕೈಡ್ರಿಲ್ಲೇ ಗತಿ ಎಂದಾದರೆ ಪಕ್ಕದ ಹಿಡಿ ಹಾಕಿ, ಕ್ಲಚ್ ಇದ್ದರೆ ಅದನ್ನು ಕಡಿಮೆಗೆ ಇಡಿ, ಕಚ್ಚಿದರೆ ಡ್ರಿಲ್ ತಿರುಗುವ ಬದಲು ಅದು ಜಾರಲಿ. ಕೈಗವಸು ಬೇಡ, ತಿರುಗುವ ಸಾ ಅದನ್ನು ಬೆರಳು ಸಮೇತ ಎಳೆದುಕೊಳ್ಳುತ್ತದೆ. ಕಣ್ಣಿನ ರಕ್ಷಣೆಯ ಕನ್ನಡಕ ಬೇಕೇ ಬೇಕು.

ಹಲ್ಲು ಹೋದ ಫೋಟೋ ಕಳಿಸಿದಾಗ ಮಾರಿದವರ ಉತ್ತರ, ‘ಕಟಿಂಗ್ ಭಾಗಕ್ಕೆ ವಾರಂಟಿ ಇಲ್ಲ’. ಕೊಳ್ಳುವಾಗ ಇದನ್ನು ಯಾರೂ ಹೇಳಲಿಲ್ಲ.

ಇನ್ನೊಂದು ಮೋಸ ಅಳತೆಯದು. ‘ಒಂದೂವರೆ ಇಂಚಿಗೆ 38 ಮಿ.ಮೀ. ಸಾ ಹಾಕಿ’ ಅಂತಲೂ ಅವರೇ ಹೇಳಿದ್ದರು. ಒಂದೂವರೆ ಇಂಚಿನ ಪೈಪಿನ ಹೊರವ್ಯಾಸ 48.3 ಮಿ.ಮೀ. ಒಂದು ಇಂಚಿನದ್ದು 33 ಮಿ.ಮೀ.ಗೂ ಮೇಲೆ. ಪೈಪಿನ ಹೆಸರಿನಲ್ಲಿರುವ ಇಂಚು ಹೊರಗಿನ ಅಳತೆಯಲ್ಲ. ಟ್ಯೂಬ್ ಎಂದು ಮಾರುವುದಕ್ಕೆ ಮಾತ್ರ ಹೊರವ್ಯಾಸವನ್ನೇ ಹೇಳುತ್ತಾರೆ. ನಾಚ್ ಯಾವ ಪೈಪಿನ ಮೇಲೆ ಕೂರಬೇಕೋ ಅದರ ಹೊರವ್ಯಾಸದ ಸಾ ಬೇಕು. ನಮ್ಮ ಡಬ್ಬಿಯಲ್ಲಿ 44 ಆದ ಮೇಲೆ ಸೀದಾ 51. ಅಂದರೆ ಹಲ್ಲು ಉಳಿದಿದ್ದರೂ ಪೈಪು ಸಂದಿಲ್ಲದೆ ಕೂರುತ್ತಿರಲಿಲ್ಲ. ಹಣ ಕೊಡುವ ಮೊದಲೇ ಪೈಪಿಗೆ ವರ್ನಿಯರ್ ಕ್ಯಾಲಿಪರ್ ಹಿಡಿದು ಹೊರವ್ಯಾಸ ಅಳೆದು ನೋಡಿ.