ವೀಣೆಗೂ ಕೊರಳಿಗೂ ಮನೆಯಲ್ಲೇ ಕಟ್ಟಿದ ಮೈಕ್: ಮೂರರಲ್ಲಿ ಯಾವುದು?

ಬೆಸುಗೆ ಹಾಕಲು ಬರುವವರು ಯಾರೇ ಆದರೂ ಮನೆಯಲ್ಲೇ ಒಳ್ಳೆಯ ಮೈಕ್ ಕಟ್ಟಿಕೊಳ್ಳಬಹುದು. ನಕ್ಷೆಗಳಿಗೆ ಬರವಿಲ್ಲ, ಬಿಡಿಭಾಗಗಳೂ ಸಿಗುತ್ತವೆ. ತೊಡಕಿರುವುದು ಯಾವುದನ್ನು ಕಟ್ಟಬೇಕು ಎನ್ನುವುದರಲ್ಲಿ. ವಾದ್ಯಕ್ಕೇ ಅಂಟಿಸುವ ಪೀಜೋ ಬಿಲ್ಲೆ, 10 ಮಿಲಿಮೀಟರ್ ಅಗಲದ ಪುಟ್ಟ ಎಲೆಕ್ಟ್ರೆಟ್ ಕ್ಯಾಪ್ಸೂಲ್‌ಗಳ (ಕ್ಯಾಪ್ಸೂಲ್ ಎಂದರೆ ಮೈಕಿನಲ್ಲಿ ಸದ್ದನ್ನು ವಿದ್ಯುತ್ತಾಗಿಸುವ ಭಾಗ) ಜೋಡಿ, 25 ಮಿಲಿಮೀಟರಿನ ದೊಡ್ಡ ಕ್ಯಾಪ್ಸೂಲ್ ಇರುವ ಸ್ಟುಡಿಯೋ ಮಾದರಿಯ ಮೈಕ್, ಈ ಮೂರನ್ನೂ ಕಟ್ಟಿ, ಮೈಸೂರಿನಲ್ಲಿ ಅಕ್ಕ ನುಡಿಸುವ ವೀಣೆ, ಅವಳ ತಂಬೂರಿ, ದೊಡ್ಡಪ್ಪನ ಗಮಕ ವಾಚನ ಎಲ್ಲವನ್ನೂ ಮೂರರಲ್ಲಿಯೂ ಮುದ್ರಿಸಿ ನೋಡಿದ್ದೇನೆ. ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಕೋಣೆ ನಿಶ್ಶಬ್ದವಾಗಿದ್ದರೆ ಪುಟ್ಟ ಎಲೆಕ್ಟ್ರೆಟ್ ಜೋಡಿಗೆ ಸಾಟಿಯಿಲ್ಲ, ರಸ್ತೆಯ ಬದಿಯ ಮನೆಯಾದರೆ ದೊಡ್ಡ ಕ್ಯಾಪ್ಸೂಲ್, ಪೀಜೋ ಕಚೇರಿಯ ವೇದಿಕೆಗೆ ಸರಿ, ಮನೆಯಲ್ಲಿ ಮುದ್ರಿಸಿ ಇಟ್ಟುಕೊಳ್ಳುವುದಕ್ಕಲ್ಲ.

ಪೀಜೋದಿಂದಲೇ ಶುರುಮಾಡೋಣ, ಏಕೆಂದರೆ ಎಲ್ಲರೂ ಮೊದಲು ಕೈಹಾಕುವುದು ಅದಕ್ಕೆ. ಅಲಾರಂ ಗಡಿಯಾರದೊಳಗೆ, ಬಜರ್‌ನೊಳಗೆ ಇರುವ ಅದೇ ಹಿತ್ತಾಳೆಯ ಬಿಲ್ಲೆ. ಮೇಲೆ ಬಿಳಿಯ ಸೆರಾಮಿಕ್ ಪದರ. ಬಿಲ್ಲೆ ಕಂಪಿಸಿದಾಗ ವೋಲ್ಟೇಜ್ ಹುಟ್ಟುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಹತ್ತಿಪ್ಪತ್ತು ರೂಪಾಯಿ ಕೊಟ್ಟರೆ ಸಿಗುತ್ತದೆ. ಅದಕ್ಕೆ ಎರಡು ತಂತಿ ಹಚ್ಚಿ ನೇರವಾಗಿ ಲ್ಯಾಪ್‌ಟಾಪಿಗೆ ಸಿಕ್ಕಿಸಿದವರೆಲ್ಲ 'ತಗಡಿನ ಡಬ್ಬಿಯ ಸದ್ದು' ಎಂದು ಬೈದು ಮೂಲೆಗೆ ಎಸೆಯುತ್ತಾರೆ. ಬಿಲ್ಲೆಯ ಮೇಲೆ ಹೊರಿಸುವ ಈ ಅಪವಾದದಲ್ಲಿ ಅರ್ಧ ಅನ್ಯಾಯವಿದೆ. 27 ಮಿಲಿಮೀಟರಿನ ಬಿಲ್ಲೆ ವಿದ್ಯುತ್ತಿನ ಲೆಕ್ಕದಲ್ಲಿ ಸುಮಾರು 20 ನ್ಯಾನೋಫ್ಯಾರಡ್‌ನ ಒಂದು ಕೆಪಾಸಿಟರ್. ಅದು ಸೇರುವ ಇನ್‌ಪುಟ್ಟಿನ ವಿದ್ಯುತ್ ತಡೆ 10 ಕಿಲೋಓಂ ಆದರೆ ಸುಮಾರು 800 ಹರ್ಟ್ಸ್‌ಗಿಂತ ಕೆಳಗಿನ ಸ್ವರವೆಲ್ಲ ಸೊರಗುತ್ತಾ ಹೋಗುತ್ತದೆ. ಅಕ್ಕನ ವೀಣೆಯ ಸಾರಣಿ ತಂತಿಯ ಷಡ್ಜವೇ ಸುಮಾರು 165 ಹರ್ಟ್ಸ್. ಮಂದ್ರದ ತಂತಿಗಳು ಇನ್ನೂ ಕೆಳಗೆ. ಅಂದರೆ ವೀಣೆಯ ಜೀವವೆಲ್ಲ ಬಾಗಿಲಲ್ಲೇ ನಿಂತುಬಿಡುತ್ತದೆ. ನಡುವೆ ಒಂದು ಜೆಫೆಟ್ ಟ್ರಾನ್ಸಿಸ್ಟರಿನ ಬಫರ್ (ಬಿಲ್ಲೆಗೆ ಭಾರವಾಗದಂತೆ ಸದ್ದನ್ನು ಮುಂದಕ್ಕೆ ದಾಟಿಸುವ ಪುಟ್ಟ ಸರ್ಕ್ಯೂಟ್) ಹಾಕಿ ಇನ್‌ಪುಟ್ಟನ್ನು 1 ಮೆಗಾಓಂಗೆ ಏರಿಸಿದರೆ ಆ ಗಡಿ 8 ಹರ್ಟ್ಸ್‌ಗೆ ಇಳಿಯುತ್ತದೆ. ಒಂದು ಜೆಫೆಟ್, ಎರಡು ಮೂರು ರೆಸಿಸ್ಟರ್, ಒಂದು ಕೆಪಾಸಿಟರ್, 9 ವೋಲ್ಟಿನ ಬ್ಯಾಟರಿ, ಅಷ್ಟೇ ಕೆಲಸ.

ಬಫರ್ ಸೇರಿದ ಮೇಲೆ ಪೀಜೋ ತನ್ನ ನಿಜವಾದ ಗುಣ ತೋರಿಸಿತು. ಅಡುಗೆಮನೆಯ ಕುಕ್ಕರ್ ಕೂಗು, ಫ್ಯಾನಿನ ಗಾಳಿ, ಬೀದಿಯ ತರಕಾರಿ ಗಾಡಿಯ ಧ್ವನಿವರ್ಧಕ ಯಾವುದೂ ಅದಕ್ಕೆ ಕೇಳಿಸುವುದೇ ಇಲ್ಲ ಎನ್ನಬಹುದು. ಕಚೇರಿಯಲ್ಲಿ ಮೃದಂಗದ ಪಕ್ಕ ಕುಳಿತು ನುಡಿಸುವ ವೈಣಿಕರಿಗೆ ಇದು ದೊಡ್ಡ ವರ. ಅಂಟಿಸಲು ಜೇನುಮೇಣವೇ ಸಾಕು. ವೀಣೆಯ ಮೆಟ್ಟಿಲುಗಳೇ ಮೇಣದ ಹಾಸಿನ ಮೇಲೆ ಕೂತಿರುವಾಗ ಆ ವಾದ್ಯಕ್ಕೆ ಮೇಣ ಹೊಸತೇನಲ್ಲ, ಪಾಲಿಶ್ ಕೂಡ ಕೆಡುವುದಿಲ್ಲ. ಕುದುರೆಯ ಮೇಲೇ ಅಂಟಿಸಿದಾಗ ಸದ್ದು ಚೂಪಾಗಿ ಕಿವಿಗೆ ಚುಚ್ಚುತ್ತದೆ. ಕೊಡದ ಮುಚ್ಚಳದ ಮೇಲೆ ಕುದುರೆಯಿಂದ ಮೂರು ನಾಲ್ಕು ಬೆರಳು ಸರಿಸಿದರೆ ಮೃದುವಾಗುತ್ತದೆ. ಆದರೆ ಎಲ್ಲಿಟ್ಟರೂ ಎಡಗೈ ಮೆಟ್ಟಿಲ ಮೇಲೆ ಜಾರುವ ಕಿರ್ ಸದ್ದು, ಮೀಟಿನ ಟಕ್ ಸದ್ದು ಸ್ವರಕ್ಕಿಂತ ಮುಂದೆ ಬರುತ್ತವೆ. ಯಾವುದು ಯಾವ ಮೈಕಿನದೆಂದು ಹೇಳದೆ ಕೇಳಿಸಿದಾಗ ಅಕ್ಕ ಹೆಡ್‌ಫೋನ್ ತೆಗೆದು, "ಇದರಲ್ಲಿ ತಂತಿ ಇದೆ, ವೀಣೆ ಇಲ್ಲ ಕಣೋ" ಎಂದಳು. ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಹಲಸಿನ ಮರದ ಕೊಡ ಗಾಳಿಗೆ ಬಿಟ್ಟುಕೊಡುವ ನಾದವನ್ನು ಬಿಲ್ಲೆ ಕೇಳುವುದಿಲ್ಲ. ಇನ್ನೊಂದು ಎಚ್ಚರ: ಬಿಲ್ಲೆಯಿಂದ ಬಫರ್‌ವರೆಗಿನ ತಂತಿ ಗೇಣಿಗಿಂತ ಉದ್ದವಿರಬಾರದು, ಅದಕ್ಕೆ ಶೀಲ್ಡ್ (ಸುತ್ತಲೂ ಲೋಹದ ಹೊದಿಕೆ) ಇರಲೇಬೇಕು, ಇಲ್ಲವಾದರೆ ಮನೆಯ ವೈರಿಂಗಿನ 50 ಹರ್ಟ್ಸ್ ಗುಂಯ್‌ಕಾರ ಅಡಿಯಲ್ಲಿ ಶ್ರುತಿಯಂತೆ ನಿಂತೇ ಇರುತ್ತದೆ. ಕೊರಳಿಗೆ ಪೀಜೋ ಸಲ್ಲದು.

ಪುಟ್ಟ ಎಲೆಕ್ಟ್ರೆಟ್ ನನಗೆ ಅತ್ಯಂತ ಪ್ರಿಯವಾದದ್ದು. ಸಾಮಾನ್ಯ ಕಂಡೆನ್ಸರ್ ಮೈಕಿನ ಪೊರೆಗೆ ಹೊರಗಿನಿಂದ ಹತ್ತಾರು ವೋಲ್ಟ್ ಕೊಡುತ್ತಲೇ ಇರಬೇಕು. 1962ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ ವಿದ್ಯುದಂಶವನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುವ ತೆಳು ಹಾಳೆಯಿಂದ ಮೈಕ್ ಮಾಡಿದರು. ಆ ಹಂಗು ತಪ್ಪಿದ್ದರಿಂದಲೇ ಇಂದು ಮನೆಯ ಮೇಜಿನ ಮೇಲೆ ಈ ಕೆಲಸ ಸಾಧ್ಯ. ಒಳಗಿರುವ ಟ್ರಾನ್ಸಿಸ್ಟರಿಗೆ ಮೂರು ವೋಲ್ಟ್ ಆಸುಪಾಸು ಸಿಕ್ಕರೆ ಸಾಕು. ಅಷ್ಟನ್ನು ಕೈಯಲ್ಲಿ ಹಿಡಿಯುವ ಬಹುತೇಕ ರೆಕಾರ್ಡರ್‌ಗಳು 3.5 ಮಿಲಿಮೀಟರಿನ ಮೈಕ್ ಕಿಂಡಿಯಲ್ಲೇ ಕೊಡುತ್ತವೆ.

ಕ್ಯಾಪ್ಸೂಲ್ ಯಾವುದು ಎನ್ನುವುದು ಇಲ್ಲಿ ಬಹಳ ಮುಖ್ಯ. ನಮ್ಮ ಅಂಗಡಿಗಳಲ್ಲಿ ಹತ್ತು ರೂಪಾಯಿಗೆ ಸಿಗುವುದಕ್ಕೂ ಜಪಾನಿನ ಪ್ರೀಮೋ ಕಂಪನಿಯ ಇಎಂ272ಗೂ ಹೊರನೋಟದಲ್ಲಿ ಅಂಥ ವ್ಯತ್ಯಾಸವಿಲ್ಲ, ಕೇಳುವಾಗ ಅಜಗಜಾಂತರ. ಪ್ರೀಮೋದ ಸ್ವಂತ ಸುಯ್‌ಗುಟ್ಟುವಿಕೆ ಕೇವಲ 14 ಡೆಸಿಬೆಲ್. ಎಷ್ಟೋ ಪಟ್ಟು ಬೆಲೆಯ ಮೈಕುಗಳ ಮಟ್ಟವದು. ಹೊರದೇಶದಿಂದ ತರಿಸಬೇಕು, ಅಂಚೆ ಮತ್ತು ಸುಂಕ ಸೇರಿದರೆ ಕ್ಯಾಪ್ಸೂಲಿನ ಬೆಲೆಯೇ ಚಿಕ್ಕದೆನಿಸುತ್ತದೆ. ಆದ್ದರಿಂದ ಗೆಳೆಯರು ಕೂಡಿ ಒಟ್ಟಿಗೆ ತರಿಸುವುದು ಜಾಣತನ.

ಬೆಸುಗೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಕ್ಯಾಪ್ಸೂಲಿನ ಬೆನ್ನಲ್ಲಿ ಎರಡು ಚುಕ್ಕೆಗಳಿರುತ್ತವೆ. ಭೂತಗನ್ನಡಿಯಲ್ಲಿ ನೋಡಿದರೆ ಒಂದರಿಂದ ಸಣ್ಣ ತಾಮ್ರದ ಗೆರೆ ಹೊರಟು ಲೋಹದ ಅಂಚನ್ನು ಮುಟ್ಟಿರುವುದು ಕಾಣುತ್ತದೆ. ಅದು ಗ್ರೌಂಡ್, ಕೇಬಲ್ಲಿನ ಶೀಲ್ಡ್ ಅಲ್ಲಿಗೆ. ಒಳಗಿನ ತಂತಿ ಇನ್ನೊಂದಕ್ಕೆ. ತಂತಿಯ ತುದಿಗೆ ಮೊದಲೇ ಸೀಸ ಹಿಡಿಸಿಟ್ಟುಕೊಂಡು, ಐರನ್ನಿನ ಮೊನೆಯನ್ನು ಚುಕ್ಕೆಗೆ ಒಂದೆರಡು ಸೆಕೆಂಡಿಗಿಂತ ಹೆಚ್ಚು ತಾಗಿಸದೆ ಎತ್ತಿಬಿಡಬೇಕು. ಕಾವು ಒಳಗೆ ಇಳಿದರೆ ಹಾಳೆಯ ವಿದ್ಯುದಂಶವೂ ಹೋಗುತ್ತದೆ, ಟ್ರಾನ್ಸಿಸ್ಟರೂ ಹೋಗುತ್ತದೆ. ಒದ್ದೆ ಸ್ಪಂಜಿನ ಮೇಲೆ ಕ್ಯಾಪ್ಸೂಲನ್ನು ಮೊಗಚಿಟ್ಟು ಬೆಸೆಯಬೇಡಿ, ತೇವ ಪೊರೆಗೆ ತಾಗುತ್ತದೆ. ಮರದ ತುಂಡಿನಲ್ಲಿ 10 ಮಿಲಿಮೀಟರಿನ ತೂತು ಕೊರೆದು ಅದರಲ್ಲಿ ಕೂರಿಸಿ. ಇಷ್ಟಾದರೆ ಮೈಕ್ ಮುಗಿಯಿತು. ಮೂರರಲ್ಲಿ ಇದರಷ್ಟು ಸುಲಭವಾದದ್ದು ಇನ್ನೊಂದಿಲ್ಲ.

ಜೋಡಿಯನ್ನು ಹೇಗೆ ನಿಲ್ಲಿಸುವುದು ಎಂಬುದಕ್ಕೆ ಸ್ವಿಟ್ಜರ್‌ಲ್ಯಾಂಡಿನ ಧ್ವನಿ ಎಂಜಿನಿಯರ್ ಯುರ್ಗ್ ಯೆಕ್ಲಿನ್ ತೋರಿಸಿದ ದಾರಿಯಿದೆ. 35 ಸೆಂಟಿಮೀಟರ್ ಅಗಲದ ದುಂಡನೆಯ ಹಲಗೆ, ಎರಡೂ ಮುಖಕ್ಕೆ ಸದ್ದು ಹೀರುವ ಹೊದಿಕೆ, ಆಚೆಯೊಂದು ಈಚೆಯೊಂದು ಮೈಕ್, ನಡುವೆ 36 ಸೆಂಟಿಮೀಟರ್ ಅಂತರ. ನಾನು ಪ್ಲೈವುಡ್‌ಗೆ ಕುರಿ ಕಂಬಳಿ ಹೊದಿಸಿದೆ. ಬೆಳಗಿನ ಜಾವ ಐದಕ್ಕೆ, ಫ್ಯಾನ್ ಆರಿಸಿ, ನೆಲಕ್ಕೆ ಜಮಖಾನ ಹಾಸಿ, ಅಕ್ಕನ ಎದುರು ಮೂರಡಿ ದೂರದಲ್ಲಿ ಇದನ್ನಿಟ್ಟು ಮುದ್ರಿಸಿದ ತಂಬೂರಿ ಅಷ್ಟೂ ಸೊಗಸಾಗಿ ಬಂದಿದೆ. ಜೀವಾಳಿಯ ದಾರದಿಂದ ಏಳುವ ಒಂದೊಂದು ಅನುಸ್ವರವೂ ಬಿಡಿಬಿಡಿಯಾಗಿ, ಸುತ್ತ ಗಾಳಿ ಇರುವಂತೆ ಕೇಳುತ್ತದೆ. ವೀಣೆಯಲ್ಲಿ ಕೊಡದ ಗಂಭೀರ ನಾದ, ತಾಳದ ತಂತಿಗಳ ಹೊಳಪು ಎರಡೂ ಸರಿಯಾದ ಪ್ರಮಾಣದಲ್ಲಿವೆ.

ಅದೇ ಜೋಡಿಯನ್ನು ಬೆಳಗ್ಗೆ ಹತ್ತಕ್ಕೆ ಅದೇ ಜಾಗದಲ್ಲಿಟ್ಟರೆ ಎಲ್ಲವೂ ತಲೆಕೆಳಗು. ಈ ಕ್ಯಾಪ್ಸೂಲ್ ಎಲ್ಲ ದಿಕ್ಕಿನಿಂದಲೂ ಸಮವಾಗಿ ಕೇಳುತ್ತದೆ. ಆಟೋ, ಹಾರ್ನು, ಪಕ್ಕದ ಮನೆಯ ಟಿ.ವಿ., ಕಾಂಕ್ರೀಟ್ ತಾರಸಿಯ ಪ್ರತಿಧ್ವನಿ ಎಲ್ಲಕ್ಕೂ ಸಮಾನ ಆದರ. ಊರೊಳಗಿನ ಕೋಣೆ ರಾತ್ರಿಯಲ್ಲೂ ಸುಮಾರು 30 ಡೆಸಿಬೆಲ್‌ನಲ್ಲಿರುವಾಗ ಮೈಕಿನ ಸ್ವಂತ ಸದ್ದು 14 ಎಂಬ ಹೆಮ್ಮೆ ಅಲ್ಲಿ ಉಪಯೋಗಕ್ಕೆ ಬಾರದು. ಹಾಗಾಗಿ ಕ್ಯಾಪ್ಸೂಲಿನ ತಾಂತ್ರಿಕ ಪಟ್ಟಿಗಿಂತ ಮೊದಲು ನಿಮ್ಮ ಕೋಣೆಯನ್ನು ಅರ್ಧ ಗಂಟೆ ಕಣ್ಣುಮುಚ್ಚಿ ಕೇಳಿ ಎಂದು ಎಲ್ಲರಿಗೂ ಹೇಳುತ್ತೇನೆ.

ದೊಡ್ಡ ಕ್ಯಾಪ್ಸೂಲಿಗೆ ಇಲ್ಲಿ ಅರ್ಥ ಬರುತ್ತದೆ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಬಿಎಂ-800 ಮೈಕನ್ನು ಬಿಚ್ಚಿ, ಹೊರಗಿನ ಕವಚ ಮತ್ತು ಜಾಲರಿ ಮಾತ್ರ ಉಳಿಸಿಕೊಂಡು, ಒಳಗೆ ಟಿಎಸ್‌ಬಿ-2555 ಎಂಬ ಕ್ಯಾಪ್ಸೂಲನ್ನೂ ಹೊಸ ಸರ್ಕ್ಯೂಟನ್ನೂ ಕೂರಿಸುವ ಪದ್ಧತಿ ಹವ್ಯಾಸಿಗಳಲ್ಲಿ ಚೆನ್ನಾಗಿ ಬೇರೂರಿದೆ. ಒಂದು ಜೆಫೆಟ್, ಎರಡು ಪಿಎನ್‌ಪಿ ಟ್ರಾನ್ಸಿಸ್ಟರ್ ಇರುವ ಈ ನಕ್ಷೆಗೆ ಜರ್ಮನಿಯ ಶೋಪ್ಸ್ ಕಂಪನಿಯ ಮೈಕುಗಳದ್ದೇ ಮೂಲ. ಇದಕ್ಕೆ 48 ವೋಲ್ಟಿನ ಫ್ಯಾಂಟಮ್ ಪವರ್ (ಮೈಕಿನ ಕೇಬಲ್ಲಿನಲ್ಲೇ ಬರುವ ವಿದ್ಯುತ್ತು) ಬೇಕು, ಅಂದರೆ ಅದನ್ನು ಕೊಟ್ಟು ಮೈಕನ್ನು ಕಂಪ್ಯೂಟರಿಗೆ ಸೇರಿಸುವ ಆಡಿಯೋ ಇಂಟರ್‌ಫೇಸ್ ಬೇಕು; ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. 48 ಎಂಬ ಸಂಖ್ಯೆಯ ಹಿಂದಿನ ಕಥೆ ನನಗೆ ಬಹಳ ಇಷ್ಟ: 1966ರಲ್ಲಿ ಜರ್ಮನಿಯ ಮೈಕ್ ತಯಾರಕ ನಾಯ್ಮನ್ ಕಂಪನಿ ನಾರ್ವೆಯ ರೇಡಿಯೋಗೆ ಕೆಎಂ 84 ಮೈಕ್ ಮಾಡಿಕೊಡುವಾಗ, ಅಲ್ಲಿನ ಸ್ಟುಡಿಯೋಗಳಲ್ಲಿ ತುರ್ತು ದೀಪಗಳಿಗೆಂದು ಮೊದಲೇ ಇದ್ದ 48 ವೋಲ್ಟನ್ನೇ ಬಳಸಿಕೊಂಡಿತು. ಜಗತ್ತು ಅದನ್ನೇ ಹಿಡಿಯಿತು.

ಕಟ್ಟುವುದರಲ್ಲಿ ಮೂರರ ಪೈಕಿ ಇದೇ ಕಷ್ಟ. ಜೆಫೆಟ್‌ನ ಮೂರು ಕಾಲುಗಳಲ್ಲಿ ಸದ್ದು ಒಳಬರುವ ಗೇಟ್ ಕಾಲಿಗೆ 1 ಗಿಗಾಓಂನ ರೆಸಿಸ್ಟರ್ ಸೇರುತ್ತದೆ. ಆ ಜಾಗದಲ್ಲಿ ಬೆರಳ ಬೆವರು, ಫ್ಲಕ್ಸಿನ ಜಿಡ್ಡು ಏನೇ ಉಳಿದರೂ ವಿದ್ಯುತ್ತಿಗೆ ಅದೇ ಅಡ್ಡದಾರಿ. ಚಿಟಿಪಿಟಿ ಸದ್ದು ಶುರುವಾಗುತ್ತದೆ. ಆದ್ದರಿಂದ ಕ್ಯಾಪ್ಸೂಲಿನ ತಂತಿ, ಗೇಟ್, ರೆಸಿಸ್ಟರ್ ಈ ಮೂರನ್ನೂ ಬೋರ್ಡಿಗೆ ತಾಗಿಸದೆ ಗಾಳಿಯಲ್ಲೇ ಬೆಸೆದು, ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಬ್ರಷ್‌ನಿಂದ ತೊಳೆದು, ಪೂರ್ತಿ ಒಣಗಿಸಬೇಕು. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಈ ಮೈಕನ್ನು ಸಿಲಿಕಾ ಜೆಲ್ ಜೊತೆ ಮುಚ್ಚಿದ ಡಬ್ಬಿಯಲ್ಲೇ ಇಡಿ. ಜೆಫೆಟ್‌ಗಳಲ್ಲಿ ನಕಲಿ ಮಾಲು ಬಹಳ. ಗೇಟ್ ಮತ್ತು ಸೋರ್ಸ್ ಕಾಲುಗಳನ್ನು ಕೂಡಿಸಿ 9 ವೋಲ್ಟ್ ಕೊಟ್ಟು ಎಷ್ಟು ಕರೆಂಟ್ ಹರಿಯುತ್ತದೆಂದು ಮಲ್ಟಿಮೀಟರಿನಲ್ಲಿ ಅಳೆದೇ ಬಳಸಿ.

ದೊಡ್ಡಪ್ಪನ ವಾಚನಕ್ಕೆ ಈ ಮೈಕ್ ಹೇಳಿ ಮಾಡಿಸಿದಂತಿದೆ. ಮುಂದಿನಿಂದ ಹೆಚ್ಚು, ಹಿಂದಿನಿಂದ ಕಡಿಮೆ ಕೇಳುವ ಸ್ವಭಾವ ಇದರದು. ಬೆನ್ನನ್ನು ಕಿಟಕಿಗೆ ತಿರುಗಿಸಿಟ್ಟರೆ ರಸ್ತೆ ದೂರ ಸರಿಯುತ್ತದೆ. ಹತ್ತಿರ ಹೋದಷ್ಟೂ ಕೊರಳಿಗೆ ಎದೆಯ ಭಾರ ಬರುತ್ತದೆ. ಭ, ಫ, ಧಗಳು ತುಂಬಿದ ಷಟ್ಪದಿಯಲ್ಲಿ ಮಾತ್ರ ಉಸಿರು ಪೊರೆಗೆ ಬಡಿಯುತ್ತದೆ. ಕಸೂತಿ ಬಳೆಗೆ ತೆಳು ನೈಲಾನ್ ಬಟ್ಟೆ ಬಿಗಿದು ಮುಂದೆ ನಿಲ್ಲಿಸಿ, ಗೇಣು ದೂರ ಕೂರಿಸಿದ ಮೇಲೆ ಆ ತೊಂದರೆ ತೀರಿತು. ಪುಟ್ಟ ಎಲೆಕ್ಟ್ರೆಟ್ ಇಂಥ ಉಸಿರಿಗೆ ಅಷ್ಟಾಗಿ ಜಗ್ಗುವುದಿಲ್ಲ ಎಂಬುದು ಅದರ ಪರವಾದ ಮಾತು. ವೀಣೆಗೆ ದೊಡ್ಡ ಕ್ಯಾಪ್ಸೂಲ್ ಚೆನ್ನಾಗಿಯೇ ಇದೆ, ತಂಬೂರಿಯ ಮೇಲ್ಸ್ವರಗಳಲ್ಲಿ ಮಾತ್ರ ಪುಟ್ಟ ಜೋಡಿಯ ಬಿಡಿಸಿಕೊಡುವ ಗುಣ ಇದಕ್ಕಿಲ್ಲ.

ಚಂಡೆಗೆ ಏನು ಮಾಡಬೇಕು ಎಂದು ಕರಾವಳಿಯ ಗೆಳೆಯರು ಕೇಳುತ್ತಿರುತ್ತಾರೆ. ಹತ್ತಿರದಲ್ಲಿಟ್ಟರೆ ಇಎಂ272ರಲ್ಲಿ ಸದ್ದು ಒಡೆದುಹೋಗುತ್ತದೆ. ಅದರ ಸೂಕ್ಷ್ಮ ಕಿವಿ ಅಷ್ಟು ಪೆಟ್ಟನ್ನು ಮೂರು ವೋಲ್ಟಿನಲ್ಲಿ ತಾಳದು. ಇಲ್ಲಿ ಅಂಗಡಿಯ ಹತ್ತು ರೂಪಾಯಿಯ ಕ್ಯಾಪ್ಸೂಲೇ ಮೇಲು. ಧ್ವನಿ ಎಂಜಿನಿಯರ್ ಜೀಗ್‌ಫ್ರೀಡ್ ಲಿಂಕ್‌ವಿಟ್ಸ್ ಹಿಂದೆ ಪ್ಯಾನಸೋನಿಕ್ ಕ್ಯಾಪ್ಸೂಲಿಗೆ ಹೇಳಿಕೊಟ್ಟ ಮಾರ್ಪಾಟನ್ನು ಇದಕ್ಕೂ ಮಾಡಬಹುದು: ಲೋಹದ ಅಂಚನ್ನು ಮುಟ್ಟಿರುವ ಆ ತಾಮ್ರದ ಗೆರೆಯನ್ನು ಬ್ಲೇಡಿನಿಂದ ಕತ್ತರಿಸಿ, ಕವಚಕ್ಕೆ ಬೇರೆಯೇ ಮೂರನೆಯ ತಂತಿ ಬೆಸೆದು, 9 ವೋಲ್ಟ್ ಕೊಟ್ಟು, ಸದ್ದನ್ನು ಒಳಗಿನ ಟ್ರಾನ್ಸಿಸ್ಟರಿನ ಸೋರ್ಸ್ ಕಾಲಿನಿಂದ ತೆಗೆಯುವುದು. ಸುಯ್ ಸದ್ದು ಹೆಚ್ಚೇ ಇರುತ್ತದೆ, ಚಂಡೆಯ ಮುಂದೆ ಅದು ಕೇಳಿಸುವುದಿಲ್ಲ. ಪೆಟ್ಟು ಒಡೆಯದೆ, ದುಂಡಗೆ ಬರುತ್ತದೆ.